ಹಿತ್ತಿಲ ಬ್ಯಾಂಕು

ಶಾಲೆ ಶುರುವಾಗುವ ದಿನಗಳು ಹತ್ತಿರ ಬಂದರೆ ಹೈಟಿ ದೇಶದ ಹಳ್ಳಿಗನ ಕಣ್ಣು ಹಿತ್ತಿಲ ಕಡೆ ಹೊರಳುತ್ತಿತ್ತು. ಅಲ್ಲಿ ಕಟ್ಟಿರುತ್ತಿದ್ದುದು ಒಂದು ಕಪ್ಪು ಹಂದಿ. ಕ್ರಿಯೋಲ್ ಹಂದಿ ಎಂದು ಅದರ ಹೆಸರು. ಉದುರಿದ ಮಾವಿನಹಣ್ಣು, ಅಡುಗೆಮನೆಯ ಕಸ, ಏನು ಸಿಕ್ಕರೂ ತಿಂದು ಬೆಳೆಯುವ ಗಟ್ಟಿ ಜೀವ. ಅದನ್ನು ಮಾರಿದರೆ ಮಗನ ಫೀಸು, ಮಗಳ ಸಮವಸ್ತ್ರ ಎಲ್ಲ ಆದವು. ಮದುವೆಗೂ ಅದೇ, ಕಾಯಿಲೆಗೂ ಅದೇ. ಬ್ಯಾಂಕಿನ ಮೆಟ್ಟಿಲು ಹತ್ತದವನಿಗೆ ಹಂದಿಯೇ ಬ್ಯಾಂಕು!

ಈ ಬ್ಯಾಂಕು ಮುಳುಗಿದ್ದು 1980ರ ದಶಕದ ಆರಂಭದಲ್ಲಿ. ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ಎಂಬ ದ್ವೀಪವನ್ನು ಎರಡು ದೇಶಗಳು ಹಂಚಿಕೊಂಡಿವೆ. ಪಶ್ಚಿಮಕ್ಕೆ ಹೈಟಿ, ಪೂರ್ವಕ್ಕೆ ಡೊಮಿನಿಕನ್ ರಿಪಬ್ಲಿಕ್. 1978ರಲ್ಲಿ ಪೂರ್ವದ ದೇಶದಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡಿತು. ಅದು ಮನುಷ್ಯರಿಗೆ ತಗಲುವುದಿಲ್ಲ. ಹಂದಿಗಳಿಗೆ ಮಾತ್ರ ಯಮಸ್ವರೂಪಿ. ಔಷಧಿಯಿಲ್ಲ, ಆಗ ಲಸಿಕೆಯೂ ಇರಲಿಲ್ಲ. ವೈರಸ್ಸು ಸಂಸ್ಕರಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಡಗು, ವಿಮಾನಗಳಲ್ಲಿ ಮಿಕ್ಕಿದ ಊಟ ಹಂದಿಯ ಬಾಯಿಗೆ ಬಿದ್ದರೆ ಸಾಕು, ರೋಗ ಸಾಗರವನ್ನೇ ದಾಟಿಬಿಡುತ್ತದೆ. ಇನ್ನು ಗಡಿರೇಖೆ ಯಾವ ಲೆಕ್ಕ?

ಹೈಟಿಗೂ ರೋಗ ದಾಟಿತು. 1982-83ರಲ್ಲಿ ಅಮೆರಿಕದ ನೆರವಿನೊಂದಿಗೆ ಆ ದೇಶದ ಹಂದಿಗಳನ್ನೆಲ್ಲ ಕೊಲ್ಲಲಾಯಿತು. ರೋಗ ತಗಲಿದ್ದು, ತಗಲದ್ದು ಎಂಬ ಭೇದವಿರಲಿಲ್ಲ. ಪರಿಹಾರದ ಏರ್ಪಾಡೇನೋ ಇತ್ತು. ಎಲ್ಲರ ಕೈಗೂ ಸರಿಯಾಗಿ ತಲುಪಲಿಲ್ಲ. ಬದಲಿಗೆ ಅಮೆರಿಕದಿಂದ ಬಂದ ಹಂದಿಗಳಿಗೆ ಒಳ್ಳೆಯ ಸೂರು, ಶುದ್ಧ ನೀರು, ಕೊಂಡು ತಂದ ಆಹಾರವೇ ಬೇಕು. ಹಳ್ಳಿಗರು ಅವಕ್ಕೆ ‘ನಾಲ್ಕು ಕಾಲಿನ ರಾಜಕುಮಾರರು’ ಎಂದು ಹೆಸರಿಟ್ಟು ನಕ್ಕರು. ಆದರೆ ಫೀಸಿಗೆ ದಾರಿ ಕಾಣದೆ ಶಾಲೆ ಬಿಟ್ಟ ಮಕ್ಕಳ ಮನೆಯಲ್ಲಿ ನಗು ಎಲ್ಲಿಂದ ಬರಬೇಕು?

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ರೋಗವನ್ನು ಮೊದಲ ಕೆಲವು ಹಂದಿಗಳಲ್ಲೇ ಪತ್ತೆ ಹಚ್ಚಬೇಕು. ಪುಟ್ಟ ದ್ವೀಪವೊಂದು ಇದನ್ನು ಒಂಟಿಯಾಗಿ ಮಾಡಲಾರದು. ಪಶುವೈದ್ಯರು ಬೆರಳೆಣಿಕೆಯಷ್ಟು; ದುಬಾರಿ ಪ್ರಯೋಗಾಲಯ ಪ್ರತಿ ದ್ವೀಪಕ್ಕೂ ಎಟುಕದು. ಅದಕ್ಕೇ ಅಲ್ಲಿನವರು ಕೈ ಕೈ ಹಿಡಿದು ಕಟ್ಟಿಕೊಂಡಿದ್ದು ‘ಕ್ಯಾರಿಬ್‌ವೆಟ್’ ಎಂಬ ಪ್ರಾಣಿ ಆರೋಗ್ಯ ಜಾಲ. ಕೆರಿಬಿಯನ್ ರಾಷ್ಟ್ರಗಳ ಒಕ್ಕೂಟ 2006ರಲ್ಲಿ ಇದಕ್ಕೆ ಮನ್ನಣೆ ನೀಡಿತು. ಮೂವತ್ತಕ್ಕೂ ಹೆಚ್ಚು ದೇಶ, ಪ್ರದೇಶಗಳು ಇದರಲ್ಲಿವೆ. ಒಬ್ಬರ ಹಿತ್ತಿಲಲ್ಲಿ ಹೊಗೆಯೆದ್ದರೆ ನೆರೆಯವರಿಗೆಲ್ಲ ಸುದ್ದಿ ಮುಟ್ಟಬೇಕೆಂಬುದೇ ಇದರ ತಿರುಳು.

ಜಾಲದ ಅಗತ್ಯ 2021ರಲ್ಲಿ ಮತ್ತೆ ಎದ್ದು ಕಂಡಿತು. ಹಿಸ್ಪಾನಿಯೋಲದಲ್ಲಿ ‘ಕ್ಲಾಸಿಕಲ್ ಹಂದಿ ಜ್ವರ’ ಎಂಬ ಇನ್ನೊಂದು ಕಾಯಿಲೆ ಮೊದಲೇ ಬೇರೂರಿತ್ತು. ಎರಡರ ಲಕ್ಷಣವೂ ಒಂದೇ ಬಗೆ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಡೊಮಿನಿಕನ್ ರಿಪಬ್ಲಿಕ್‌ನಿಂದ ಅಮೆರಿಕದ ಪ್ರಯೋಗಾಲಯಕ್ಕೆ ಹೋದ ಮಾದರಿಗಳಲ್ಲಿ ಆಫ್ರಿಕನ್ ಜ್ವರ ಇರುವುದು ಜುಲೈ ಕೊನೆಯಲ್ಲಿ ಖಚಿತವಾಯಿತು. ಸುಮಾರು ನಲವತ್ತು ವರ್ಷಗಳ ಬಳಿಕ ಹಳೆಯ ಶತ್ರು ಮರಳಿತ್ತು! ಸೆಪ್ಟೆಂಬರಿನಲ್ಲಿ ಹೈಟಿಯಲ್ಲೂ ಪತ್ತೆಯಾಯಿತು. ಪಕ್ಕದ ಪೋರ್ಟೊ ರಿಕೊ ದ್ವೀಪಕ್ಕೆ ಕೂಡಲೇ ರಕ್ಷಣಾ ವಲಯದ ಬೇಲಿ ಬಿತ್ತು.

ಇಷ್ಟೆಲ್ಲ ಇದ್ದರೂ ರೋಗವನ್ನು ಮೊದಲು ಕಾಣುವ ಕಣ್ಣು ಸಾಕಿದವನದೇ. ಬೆಳಿಗ್ಗೆ ಹಂದಿ ಮೇವು ಬಿಟ್ಟಿತು, ಮೈ ಕಾದಿದೆ. ಹೇಳಲೋ ಬೇಡವೋ? ಹೇಳಿದರೆ ಕೊಂದುಬಿಡುತ್ತಾರೆ, ದುಡ್ಡು ಕೈಸೇರುವ ಭರವಸೆಯಿಲ್ಲ. ಬಾಯಿ ಮುಚ್ಚಿಕೊಂಡು ಮಾರಿಬಿಟ್ಟರೆ ಈ ವರ್ಷದ ಫೀಸಾದರೂ ಹುಟ್ಟುತ್ತದೆ. ಅಪ್ಪನೊಬ್ಬ ಹೀಗೆ ಯೋಚಿಸಿದರೆ ಅವನನ್ನು ದೂರುವುದು ಹೇಗೆ? ಆದರೆ ಆ ಹಂದಿಯೊಂದಿಗೆ ರೋಗವೂ ಸಂತೆಗೆ ಹೋಗುತ್ತದೆ, ಹತ್ತು ಮನೆಯ ಮಕ್ಕಳ ಫೀಸನ್ನು ನುಂಗುತ್ತದೆ.

ಕಡಿಮೆ ಅಂಕ ತೆಗೆದ ಹುಡುಗ ಅಂಕಪಟ್ಟಿ ಬಚ್ಚಿಡುವುದು ಯಾವಾಗ? ತೋರಿಸಿದರೆ ಏಟು ಖಂಡಿತ ಎಂದು ಗೊತ್ತಿದ್ದಾಗ. ನಿಜ ಹೇಳಿದವನಿಗೆ ಪೆಟ್ಟು ಬೀಳದ ಮನೆಯಲ್ಲಿ ಮಾತ್ರ ನಿಜ ಬೇಗ ಹೊರಬರುತ್ತದೆ. ದ್ವೀಪಗಳ ಜಾಲಕ್ಕೂ ಅದೇ ನಿಯಮ. ಹಂದಿ ಕಳೆದುಕೊಂಡವನ ಕೈಗೆ ತಕ್ಕ ಪರಿಹಾರ ತಡವಿಲ್ಲದೆ ಸೇರಿದರೆ, ಮುಂದಿನ ಸಲ ಅವನೇ ಓಡಿ ಬಂದು ಹೇಳುತ್ತಾನೆ.