ದಂತಪಂಕ್ತಿಯ ಸಂಸ್ಕಾರ

ವರ್ಣಗಳ ಹುಟ್ಟುದಾಣಗಳನ್ನು ಹೇಳುವಾಗ ವ್ಯಾಕರಣಕಾರರು ಕಂಠ, ತಾಲು, ಮೂರ್ಧಗಳೊಡನೆ ದಂತಕ್ಕೂ ಸಮನಾದ ಸ್ಥಾನವನ್ನಿತ್ತಿದ್ದಾರೆ. ತವರ್ಗದ ಐದಕ್ಷರಗಳೂ ಲಕಾರ ಸಕಾರಗಳೂ ದಂತ್ಯಗಳು; ವಕಾರವಾದರೋ ಹಲ್ಲು ತುಟಿಗಳೆರಡನ್ನೂ ಆಶ್ರಯಿಸಿದ ದಂತೋಷ್ಠ್ಯ. ಆದುದರಿಂದ ಹಲ್ಲಿನ ಸಾಲು ಅನ್ನವನ್ನು ಅಗಿಯುವ ಸಾಧನ ಮಾತ್ರವಲ್ಲ, ನುಡಿಯ ಹೊಸ್ತಿಲೂ ಹೌದು. ಈ ಹೊಸ್ತಿಲು ಡೊಂಕಾದಾಗ ಒದಗುವ ಕ್ಲೇಶವನ್ನು ಶಾಲೆಯ ಉಪಾಧ್ಯಾಯರು ಚೆನ್ನಾಗಿ ಬಲ್ಲರು. ಮೇಲುಹಲ್ಲು ಮುಂಚಾಚಿದ ಬಾಲಕಿ ಅಂಗೈಯನ್ನು ಬಾಯಿಗೆ ಅಡ್ಡಹಿಡಿದೇ ನಗುತ್ತಾಳೆ. ಕಂಠಪಾಠದಲ್ಲಿ ಮೊದಲಿಗನಾದ ಬಾಲಕ ವೇದಿಕೆಯ ಹೆಸರೆತ್ತಿದೊಡನೆ ಹಿಂಜರಿಯುತ್ತಾನೆ. ಸಹಪಾಠಿಗಳಿಟ್ಟ ಅಡ್ಡಹೆಸರು ಶಾಲೆ ಬಿಟ್ಟ ಮೇಲೂ ಬೆನ್ನು ಬಿಡದಿರುವುದುಂಟು.

ಹೊನ್ನಾಳಿ, ನ್ಯಾಮತಿ ಸೀಮೆಯ ಗೋವಿನಕೋವಿಯಂಥ ಊರುಗಳವರಿಗೆ ಇದರ ಚಿಕಿತ್ಸೆ ಈಗ ನಿಲುಕದ ವಸ್ತುವಲ್ಲ. ದಾವಣಗೆರೆಯ ಬಾಪೂಜಿ ದಂತವೈದ್ಯ ಮಹಾವಿದ್ಯಾಲಯ 1979ರಲ್ಲೇ ಆರಂಭವಾಯಿತು. ಹಲ್ಲಿಗೆ ತಂತಿ ಕಟ್ಟಿಸುವುದೆಂಬ ಮಾತು ಹಳ್ಳಿಯ ಹಿರಿಯರಿಗೂ ಪರಿಚಿತವಾಯಿತು. ಇತ್ತೀಚಿನ ವರ್ಷಗಳಲ್ಲಿ ತಂತಿಯ ಜೊತೆಗೆ ಇನ್ನೊಂದು ಸಾಧನದ ಹೆಸರು ಕೇಳಿಬರುತ್ತಿದೆ. ಗಾಜಿನಂತೆ ಪಾರದರ್ಶಕವಾದ, ಹಲ್ಲಿನ ಮೇಲೆ ಕವಚದಂತೆ ಕೂರುವ, ಬೇಕೆಂದಾಗ ತೆಗೆದಿಡಬಹುದಾದ ಈ ತಟ್ಟೆಗೆ ಅಲೈನರ್ ಎಂದು ಹೆಸರು. ಕಣ್ಣಿಗೆ ಕಾಣದಿರುವುದೇ ಇದರ ಆಕರ್ಷಣೆ. ಆದರೆ ಇದರ ಹಿಂದಿರುವ ಆಲೋಚನೆ ಅದಕ್ಕಿಂತಲೂ ಸ್ವಾರಸ್ಯವಾದುದು.

ಆ ಆಲೋಚನೆ ಹೊಸದೇನಲ್ಲ. ಅಮೆರಿಕೆಯ ದಂತವೈದ್ಯ ಹೆರಾಲ್ಡ್ ಕೆಸ್ಲಿಂಗ್ ಎಂಬಾತ 1945ರಲ್ಲಿ ಇದರ ಬೀಜವನ್ನು ಬಿತ್ತಿದ. ರೋಗಿಯ ಹಲ್ಲಿನ ಅಚ್ಚಿನಿಂದ ಹಲ್ಲುಗಳನ್ನು ಒಂದೊಂದಾಗಿ ಕತ್ತರಿಸಿ, ಮೇಣದಲ್ಲಿ ನೇರವಾಗಿ ನಿಲ್ಲಿಸಿ, ಆ ನೇರವಾದ ಸಾಲಿಗೆ ತಕ್ಕಂತೆ ರಬ್ಬರಿನ ಸಾಧನವನ್ನು ಮಾಡಿದ. ಇಂಥ ಸಾಧನಗಳನ್ನು ಸಾಲಾಗಿ ತೊಡಿಸುತ್ತ ಹೋದರೆ ಹೆಚ್ಚಿನ ಚಲನೆಯೂ ಸಾಧ್ಯವೆಂದು ಆತ ಕಂಡಿದ್ದ. ಆದರೆ ಪ್ರತಿಯೊಂದು ಹೆಜ್ಜೆಗೂ ಕೈಯಿಂದ ಹೊಸ ಅಚ್ಚು ಮಾಡುವ ಶ್ರಮ ಯಾರಿಂದಾದೀತು? ಆ ಶ್ರಮವನ್ನು ಗಣಕಯಂತ್ರ ವಹಿಸಿಕೊಂಡಿತು. 1997ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಜಿಯಾ ಚಿಶ್ತಿ ಮತ್ತು ಕೆಲ್ಸಿ ವಿರ್ತ್ ಎಂಬವರು ಅಲೈನ್ ಟೆಕ್ನಾಲಜಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇಬ್ಬರೂ ದಂತವೈದ್ಯರಲ್ಲವೆಂಬುದು ವಿಶೇಷ.

ಕೆಲಸದ ಕ್ರಮ ಹೀಗಿದೆ. ವೈದ್ಯರು ಮೊದಲು ಹುಳುಕು, ವಸಡಿನ ರೋಗ, ಬೇರುಗಳ ಸ್ಥಿತಿಗಳನ್ನು ಕ್ಷಕಿರಣ ಚಿತ್ರಗಳ ನೆರವಿನಿಂದ ಪರೀಕ್ಷಿಸುತ್ತಾರೆ. ಬಳಿಕ ಸಣ್ಣ ಸ್ಕ್ಯಾನರನ್ನು ಬಾಯೊಳಗೆ ಆಡಿಸಿ ದಂತಪಂಕ್ತಿಯ ಮೂರು ಆಯಾಮದ ಪ್ರತಿರೂಪವನ್ನು ಗಣಕದಲ್ಲಿ ಮೂಡಿಸುತ್ತಾರೆ. ಅಲ್ಲಿ ಒಂದೊಂದು ಹಲ್ಲನ್ನೂ ಬೇರ್ಪಡಿಸಿ, ಚಿಕಿತ್ಸೆ ಮುಗಿದಾಗ ಸಾಲು ಹೇಗಿರಬೇಕೆಂಬುದನ್ನು ಮೊದಲೇ ನಿರ್ಧರಿಸುವರು. ಆ ಕೊನೆಯಿಂದ ಆರಂಭದವರೆಗಿನ ದಾರಿಯನ್ನು ಸಣ್ಣ ಹೆಜ್ಜೆಗಳಾಗಿ ವಿಭಜಿಸುವರು. ಒಂದು ಹೆಜ್ಜೆಯೆಂದರೆ ಹಲ್ಲೊಂದಕ್ಕೆ ಸುಮಾರು ಕಾಲು ಮಿಲಿಮೀಟರ್. ಮೂರು ಮಿಲಿಮೀಟರ್ ಸರಿಯಬೇಕಾದ ಹಲ್ಲಿಗೆ 12 ತಟ್ಟೆಗಳು; ಒಂದೊಂದನ್ನು ಎರಡು ವಾರ ಧರಿಸಿದರೆ 24 ವಾರಗಳು.

ಇಷ್ಟು ಕೃಪಣತೆಯೇಕೆಂದರೆ, ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವುಂಟು. ಒತ್ತಡ ಬಿದ್ದ ಪಕ್ಕದಲ್ಲಿ ಮೂಳೆಯನ್ನು ಕರಗಿಸುವ ಜೀವಕಣಗಳೂ, ಸೆಳೆತಕ್ಕೊಳಗಾದ ಪಕ್ಕದಲ್ಲಿ ಹೊಸ ಮೂಳೆಯನ್ನು ಕಟ್ಟುವ ಜೀವಕಣಗಳೂ ಕಾರ್ಯಪ್ರವೃತ್ತವಾಗುತ್ತವೆ. ಈ ಕೆಡಹುವಿಕೆ ಕಟ್ಟುವಿಕೆಗಳಿಗೆ ಕಾಲಾವಕಾಶ ಬೇಕು. ಬಲವನ್ನು ಮಿತಿಮೀರಿ ಹೇರಿದರೆ ಬೇರೇ ಸವೆದೀತು.

ಇನ್ನು ತಟ್ಟೆಯ ತಯಾರಿಕೆ. ಪ್ರತಿ ಹೆಜ್ಜೆಯ ದಂತಪಂಕ್ತಿಯನ್ನೂ ಮೂರು ಆಯಾಮದ ಮುದ್ರಣಯಂತ್ರ ರಾಳದಲ್ಲಿ ಪದರ ಪದರವಾಗಿ ಅಚ್ಚೊತ್ತುತ್ತದೆ. ಅಡಿಕೆಸೀಮೆಯವರಿಗೆ ಮುಂದಿನ ಹಂತವನ್ನು ವಿವರಿಸುವುದು ಸುಲಭ. ನೆನೆಸಿದ ಅಡಿಕೆಹಾಳೆ ಕಾದ ಅಚ್ಚಿನ ಕೆಳಗೆ ಊಟದ ತಟ್ಟೆಯಾಗಿ ರೂಪುಗೊಳ್ಳುವಂತೆ, ಒಂದು ಮಿಲಿಮೀಟರಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ ಕಾದು ಮೆತ್ತಗಾಗಿ ಆ ರಾಳದ ಹಲ್ಲುಗಳ ಮೇಲೆ ಒತ್ತಲ್ಪಟ್ಟು ಅವುಗಳ ರೂಪವನ್ನೇ ತಾಳುತ್ತದೆ. ವ್ಯತ್ಯಾಸವಿಷ್ಟೆ: ಊಟದ ತಟ್ಟೆಗಳೆಲ್ಲ ಒಂದೇ ಅಚ್ಚಿನವು, ಇಲ್ಲಿ ಒಬ್ಬರ ತಟ್ಟೆ ಇನ್ನೊಬ್ಬರಿಗೆ ಸಲ್ಲದು, ಅದೇ ವ್ಯಕ್ತಿಯ ಒಂದನೆಯದು ಎರಡನೆಯದರಂತಿರದು. ಅಂಚನ್ನು ಕತ್ತರಿಸಿ ನಯಗೊಳಿಸಿದರೆ ತಟ್ಟೆ ಸಿದ್ಧ.

ಇಷ್ಟೆಲ್ಲ ಯಂತ್ರಸಾಹಸವೂ ಧರಿಸುವವನ ನಿಯಮದ ಮೇಲೆ ನಿಂತಿದೆ. ದಿನಕ್ಕೆ 20ರಿಂದ 22 ಗಂಟೆ ತೊಡಬೇಕು. ಊಟಕ್ಕೂ ಹಲ್ಲುಜ್ಜುವುದಕ್ಕೂ ಮಾತ್ರ ಬಿಡುವು. ಮೊದಮೊದಲು ಸಕಾರ ತೊದಲುತ್ತದೆ, ಕೆಲದಿನಗಳಲ್ಲಿ ನಾಲಗೆ ಹೊಂದಿಕೊಳ್ಳುತ್ತದೆ. ಚಿಕಿತ್ಸೆ ಮುಗಿದ ಮೇಲೂ ಹಲ್ಲುಗಳು ಹಳೆಯ ಸ್ಥಾನದತ್ತ ಜಾರುವ ಸ್ವಭಾವದವು. ಅವುಗಳನ್ನು ಹಿಡಿದು ನಿಲ್ಲಿಸುವ ರಿಟೇನರ್ ಅತ್ಯಗತ್ಯ.

ಗಣಕ ತೋರಿಸುವ ಕೊನೆಯ ಚಿತ್ರವೂ ಭರವಸೆಯಲ್ಲ, ಸಲಹೆ ಮಾತ್ರ. ಅದನ್ನು ತಿದ್ದುವ, ಬೇಕಾದರೆ ತಿರಸ್ಕರಿಸುವ ವಿವೇಕ ವೈದ್ಯರದು. ಆ ವೈದ್ಯರ ಎದುರಿಗೇ ಕೂರದೆ ಮನೆಯಲ್ಲಿಯೇ ಅಚ್ಚು ತೆಗೆದು ಕಳುಹಿಸಿ ಅಂಚೆಯಲ್ಲಿ ತಟ್ಟೆ ತರಿಸಿಕೊಳ್ಳುವ ಪದ್ಧತಿಯೂ ಅಮೆರಿಕೆಯಲ್ಲಿ ಹಬ್ಬಿತ್ತು. ಅದರಲ್ಲಿ ಹೆಸರಾಗಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಸಂಸ್ಥೆ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ ನಡುದಾರಿಯಲ್ಲಿದ್ದ ರೋಗಿಗಳು ದಿಕ್ಕುಗಾಣದಾದರು. ದವಡೆಯ ಮೂಳೆಯೇ ಏರುಪೇರಾಗಿದ್ದರೆ ಅಲೈನರ್ ಒಂದರಿಂದಲೇ ಆಗದು. ಹಲವು ಕಠಿನ ಪ್ರಸಂಗಗಳಲ್ಲಿ ತಂತಿಯೇ ಮೇಲು. ತಂತಿಯ ವೆಚ್ಚವೂ ಸಾಮಾನ್ಯವಾಗಿ ಕಡಿಮೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಬಡಮಕ್ಕಳ ವಿಷಯದಲ್ಲಿ ಸುಳ್ಳುಮಾಡುವುದು ಉದಾರಿಗಳ ಕೈಯಲ್ಲಿದೆ. ಪುಸ್ತಕ, ಸಮವಸ್ತ್ರಗಳಿಗೆ ನೀಡುವ ದತ್ತಿಯ ಒಂದಂಶ ದಂತಪರೀಕ್ಷೆಗೂ ಸಂದರೆ ಅದು ವಿದ್ಯಾದಾನವೇ. ಬಾಯಿ ಮುಚ್ಚಿಕೊಂಡು ಕುಳಿತ ಮಗುವನ್ನು ಗುರುತಿಸುವ ಕಣ್ಣಾದರೋ ಉಪಾಧ್ಯಾಯರದು. ಗೇಲಿಯನ್ನು ತಡೆದು, ತಾಯಿತಂದೆಯರಿಗೆ ಸಕಾಲದಲ್ಲಿ ದಾರಿ ತೋರಿದರೆ, ತಂತಿಯಾಗಲಿ ತಟ್ಟೆಯಾಗಲಿ ಉಳಿದ ಕೆಲಸವನ್ನು ಮಾಡೀತು.