90 ಗ್ರಾಂ ಹೆಚ್ಚು

ಉಸಗಾಂವದ ಅಂಗಡಿಯಲ್ಲಿ ತೂಗಿ ತೂಗಿಯೇ ತಲೆ ನರೆತ ನಮಗೆ, ಕ್ಯಾಮೆರಾ ಕೊಳ್ಳುವಾಗಲೂ ಗ್ರಾಂ ಲೆಕ್ಕವೇ ಎದುರಾಯಿತು. ಸೋನಿ ಎ6400ರ ತೂಕ ಬ್ಯಾಟರಿ ಸಹಿತ 403 ಗ್ರಾಂ. 2023ರಲ್ಲಿ ಬಂದ ಎ6700ರದು 493, ಬೆಲೆಯೂ ಹೆಚ್ಚು. ಎರಡರೊಳಗೂ ಕನ್ನಡಿ ಇಲ್ಲ. ವಿಂಧ್ಯಗಿರಿಯ 600ಕ್ಕೂ ಮಿಕ್ಕ ಮೆಟ್ಟಿಲು ಹತ್ತುವವರಿಗೆ ಹಗುರಾದದ್ದೇ ಸಾಕೆಂದು ಮಗನ ವಾದ.

ಆದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೊಳಗೆ ಬೆಳಕು ಮಂದ. ಶಟರ್ ನಿಧಾನವಾಗಬೇಕು, ನಮ್ಮ ಕೈಯೋ ನಡುಗುತ್ತದೆ. ಎ6400ರಲ್ಲಿ ನಡುಕ ತಡೆಯುವ ಕೆಲಸ ಲೆನ್ಸಿಗೇ ಬಿಟ್ಟದ್ದು. ಎ6700ರ ಒಡಲಲ್ಲೇ ಆ ಏರ್ಪಾಡಿದೆ.

ಮೊಣಕಾಲು ನೋವಿನ ನಮ್ಮ ಮನೆಯವರು ಈಗ ಯಾತ್ರೆಗೆ ಬರಲಾರರು. ಕಳೆದ ಸಲ ನಾವು ತಂದ ಚಿತ್ರಗಳಲ್ಲಿ ಕಂಬದ ಕೆತ್ತನೆಯೆಲ್ಲ ಕಲಸಿಹೋಗಿತ್ತು. "ಛಲೋ ಬಂದಾವ" ಎಂದು ಸುಮ್ಮನೆ ಕೆಳಗಿಟ್ಟರು.

ಎ6700 ಅನ್ನೇ ತಂದೆವು. ಮಗನಿಗೆ ಇನ್ನೂ ಬಿಲ್ಲು ತೋರಿಸಿಲ್ಲ.