ಅಡ್ಡ ಪ್ಲೇಟಿನ ಕಾರು

ನಮ್ಮ ಮನೆಗೆ ಯಾರೇ ಬರಲಿ, ಚಹಾ ಬರುವ ಮೊದಲೇ ದಾದಾ ಅವರನ್ನು ಹಜಾರದ ಗೋಡೆಯ ಫೋಟೋ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಅದರಲ್ಲಿ ಅವರ ತಂದೆ, ಅಂದರೆ ನನ್ನ ಪರದಾದಾ, ಒಂದು ಹಳೆಯ ಕಾರಿನ ಮುಂದೆ ನಿಂತಿದ್ದಾರೆ. ತಲೆಗೆ ಪೇಟ, ಕುತ್ತಿಗೆವರೆಗೂ ಗುಂಡಿ ಹಾಕಿದ ಕೋಟು. "ಮೊದಲ ಮಹಾಯುದ್ಧಕ್ಕೂ ಮುಂಚೆಯೇ ನಮ್ಮ ಅಬ್ಬಾ ರೋಲ್ಸ್ ರಾಯ್ಸ್ ಇಟ್ಟಿದ್ದರು" ಎಂದು ದಾದಾ ಹೇಳುತ್ತಾರೆ. ಪ್ರಥಮ ಪಿಯುಸಿಯಲ್ಲಿ ನನ್ನ ಬೆಂಚಿನಲ್ಲಿ ಕುಳಿತವರಿಗೆಲ್ಲ ನಾನೂ ಇದನ್ನು ಹೇಳಿದ್ದೇನೆ. ಅವರಿಗಾಗಿಯೇ ಈ ಲೇಖನ ಎಂದರೂ ಸರಿ.

ಈ ವರ್ಷ ಇತಿಹಾಸದ ಮೇಡಂ, ಮನೆಯಲ್ಲಿರುವ ಒಂದು ಹಳೆಯ ವಸ್ತುವಿನ ಬಗ್ಗೆ ಬರೆದು ತನ್ನಿ ಎಂದರು. ನನಗೆ ಯೋಚಿಸುವ ಕೆಲಸವೇ ಇರಲಿಲ್ಲ. ಆದರೆ ರೋಲ್ಸ್ ರಾಯ್ಸ್ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ತೊಂದರೆ ಶುರುವಾಯಿತು. ಆ ಕಾರಿನ ರೇಡಿಯೇಟರ್ ಗ್ರೀಕ್ ದೇವಾಲಯದ ಮುಂಭಾಗದಂತೆ ನೆಟ್ಟಗೆ, ಮೇಲೆ ತ್ರಿಕೋನವಾಗಿರುತ್ತದೆ. ನಮ್ಮ ಫೋಟೋದಲ್ಲಿರುವುದು ಭುಜ ಇಳಿಸಿದಂತೆ ದುಂಡಗಿದೆ. ಅದರ ಮೇಲೆ ಏನೋ ಅಕ್ಷರವಿದೆ, ಆದರೆ ಆ ಜಾಗದಲ್ಲೇ ಹುಳ ತಿಂದಿದೆ.

ಸರಿಯಾಗಿ ಸ್ಕ್ಯಾನ್ ಮಾಡೋಣವೆಂದು ಈದ್ ರಜೆಯಲ್ಲಿ ಚೌಕಟ್ಟು ಬಿಚ್ಚಿದೆ. ಗಾಜಿನ ಒಳಗೆ ಸುತ್ತಲೂ ದಪ್ಪ ರಟ್ಟು ಇತ್ತು. ಅದನ್ನು ತೆಗೆದಾಗ ಫೋಟೋ ದೊಡ್ಡದಾಯಿತು. ನಾನು ಹದಿನೇಳು ವರ್ಷ ನೋಡಿದ್ದು ಅರ್ಧ ಫೋಟೋ ಮಾತ್ರ.

ಕೆಳಗಿನ ಭಾಗವನ್ನು ಮೊದಲು ಗಮನಿಸಿದವರು ಮಾಮು. ಅವರದು ಲಾರಿ ಗ್ಯಾರೇಜು. "ಅರೆ, ಸ್ಪ್ರಿಂಗ್ ಪ್ಲೇಟು ಅಡ್ಡ ಹಾಕಿದ್ದಾರಲ್ಲ!" ಎಂದರು. ಸಾಮಾನ್ಯವಾಗಿ ಮುಂದಿನ ಎರಡು ಚಕ್ರಗಳಿಗೆ ಎರಡು ಪ್ಲೇಟುಗಳ ಕಟ್ಟು ಉದ್ದಕ್ಕೆ ಇರುತ್ತವಂತೆ. ಇಲ್ಲಿ ಒಂದೇ ಕಟ್ಟು, ಈ ಚಕ್ರದ ಕಡೆಯಿಂದ ಆ ಚಕ್ರದ ಕಡೆಗೆ ಬಿಲ್ಲಿನಂತೆ ಬಾಗಿ ಅಡ್ಡಲಾಗಿದೆ. ಈ ಸುಳಿವು ಹಿಡಿದು ಹುಡುಕಿದರೆ ಸಿಕ್ಕಿದ್ದು ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ, ಸಾಮಾನ್ಯ ಜನರ ಕಾರು. ರೇಡಿಯೇಟರಿನ ಆಕಾರ, ಮರದ ಕಡ್ಡಿಗಳ ಚಕ್ರ ಎಲ್ಲ ಹೊಂದಿದವು. ಸ್ಟಿಯರಿಂಗ್ ಮಾತ್ರ ಒಂದು ದಿನ ಕಾಡಿತು. ಅಮೆರಿಕದ ಮಾಡೆಲ್ ಟಿಯಲ್ಲಿ ಅದು ಎಡಕ್ಕೆ, ನಮ್ಮದರಲ್ಲಿ ಬಲಕ್ಕೆ. ಆಮೇಲೆ ಗೊತ್ತಾಯಿತು, ಭಾರತದಂಥ ಬ್ರಿಟಿಷ್ ಆಳ್ವಿಕೆಯ ದೇಶಗಳಿಗೆ ಕಾರು ಕಳಿಸುತ್ತಿದ್ದುದು ಫೋರ್ಡಿನ ಕೆನಡಾ ಕಂಪನಿ. ಅಲ್ಲಿ ಬಲಗಡೆ ಸ್ಟಿಯರಿಂಗಿನವನ್ನೂ ಮಾಡುತ್ತಿದ್ದರು.

ವರ್ಷವೂ ತಪ್ಪಾಗಿತ್ತು. ಮೊದಲಿನ ಮಾಡೆಲ್ ಟಿಗಳ ರೇಡಿಯೇಟರ್ ಹಿತ್ತಾಳೆಯದು, ಫೋಟೋದಲ್ಲಿ ಥಳಥಳ ಹೊಳೆಯುತ್ತದೆ. 1917ರ ಮಾದರಿಯಿಂದ ಅದಕ್ಕೆ ಕಪ್ಪು ಕವಚ ಬಂತು. ನಮ್ಮದು ಕಪ್ಪು. ಯುದ್ಧ ಶುರುವಾಗಿದ್ದು 1914ರಲ್ಲಿ.

ಇಷ್ಟೇ ಆಗಿದ್ದರೆ ನಗುತ್ತಾ ಬರೆಯುತ್ತಿದ್ದೆ. ಆದರೆ ರಟ್ಟಿನ ಕೆಳಗೆ ಇನ್ನೂ ಎರಡು ಸಂಗತಿಗಳಿದ್ದವು. ಪರದಾದಾ ಅವರ ಬಲಗೈ ರೇಡಿಯೇಟರಿನ ಕೆಳಗಿರುವ ಹ್ಯಾಂಡಲ್ ಮೇಲಿದೆ. ಆಗ ಎಂಜಿನ್ ಚಾಲೂ ಮಾಡಲು ಆ ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟಿನ ಮೂಳೆಯೇ ಮುರಿಯುತ್ತಿತ್ತು. ಮಾಲೀಕರು ಮಾಡುವ ಕೆಲಸವಲ್ಲ. ಮತ್ತೆ ಫೋಟೋದ ಅಂಚಿನಲ್ಲಿ, ಹಿಂದಿನ ಸೀಟಿನಲ್ಲಿ, ಬಿಳಿ ತೋಳಿನ ಒಂದು ಕೈ, ಮೊಣಕಾಲ ಮೇಲೆ ಹ್ಯಾಟು.

ಎರಡು ದಿನ ಯಾರಿಗೂ ಹೇಳಲಿಲ್ಲ. ಪ್ರಾಜೆಕ್ಟ್‌ಗೆ ಬೇರೆ ವಸ್ತು, ದಾದಿಯ ಪಾನ್‌ದಾನ್ ಇದೆಯಲ್ಲ, ಅದನ್ನು ಬರೆದರಾಯಿತು ಎಂದುಕೊಂಡೆ. ಮೂರನೇ ದಿನ ದಾದಾ ಅವರೇ, "ಫೋಟೋ ಎಲ್ಲಿ ಬೇಟಾ?" ಎಂದು ಕೇಳಿದರು. ತಂದು ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ.

ಅವರು ಬಹಳ ಹೊತ್ತು ನೋಡಿದರು. "ಈ ರಟ್ಟು ಹಾಕಿಸಿದ್ದು ನಾನೇ" ಎಂದರು. "ನಿನ್ನ ದೊಡ್ಡ ಫುಪ್ಪುಗೆ ಗಂಡಿನ ಕಡೆಯವರು ಬರುವವರಿದ್ದರು. ಡ್ರೈವರ್ ಮೊಮ್ಮಗಳು ಅನ್ನಬಾರದು ಅಂತ." ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದ ದೊರೆಯ ಬಳಿ ಅಬ್ಬಾ ಡ್ರೈವರ್ ಆಗಿದ್ದರು ಎಂದೂ ಆಗಲೇ ಹೇಳಿದ್ದು.

ಮಾತು ಬದಲಿಸಲು ನಾನು ಕಾರಿನ ಬಗ್ಗೆ ಹೇಳತೊಡಗಿದೆ. ಇದಕ್ಕೆ ಈಗಿನಂತೆ ಕಾಲಿನ ಆಕ್ಸಿಲರೇಟರ್ ಇಲ್ಲ, ಸ್ಟಿಯರಿಂಗ್ ಕೆಳಗೆ ಕೈಯಲ್ಲಿ ಎಳೆಯುವ ಸನ್ನೆ. ಕಾಲಿಗೆ ಮೂರು ಪೆಡಲ್, ಎಡದ್ದು ಗೇರಿಗೆ, ಬಲದ್ದು ಬ್ರೇಕಿಗೆ, ನಡುವಿನದು...

"ನಡುವಿನದು ತುಳಿದರೆ ಹಿಂದಕ್ಕೆ!" ಎಂದರು ದಾದಾ.

ನಾನು ಸುಮ್ಮನಾದೆ. ಚಿಕ್ಕವರಿದ್ದಾಗ ಅಬ್ಬಾ ಅವರನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಡುವಿನ ಪೆಡಲ್ ತುಳಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ ಎಂದು ಹೇಳಿ ಹಿಂದಕ್ಕೆ ಬಗ್ಗಿಸುತ್ತಿದ್ದರಂತೆ. ಎಲ್ಲಾದರೂ ಪೆಡಲ್ ತುಳಿದರೆ ಕಾರು ಹಿಂದಕ್ಕೆ ಹೋಗುತ್ತದೆಯೇ, ಮಗುವನ್ನು ನಗಿಸಲು ಹೇಳಿದ್ದು ಎಂದು ದಾದಾ ಇಷ್ಟು ವರ್ಷ ತಿಳಿದಿದ್ದರು.

"ನಿಜವಾಗಿ ಹೋಗುತ್ತಿತ್ತಾ?" ಎಂದು ಇನ್ನೊಮ್ಮೆ ಕೇಳಿದರು. ಮಾಡೆಲ್ ಟಿಯ ಪೆಡಲ್‌ಗಳ ಚಿತ್ರ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ಚಪ್ಪಲಿ ಕಳಚಿ, ಕುರ್ಚಿಯ ಮುಂದಿನ ನೆಲವನ್ನು ಬಲಗಾಲಿನಿಂದ ಮೆಲ್ಲಗೆ ಒತ್ತಿದರು.